ಹರಿಣಿಯ ಜೀವಕೋಶಗಳು ಸತ್ತ ಬಗೆ

ಹರಿಣಿಯ ಜೀವಕೋಶಗಳನ್ನು ಯಾರೋ ಕೊಂದಿದ್ದರು.

ಪುಂಡಲೀಕ ಫೋನ್ ಮಾಡಿದಾಗ ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಒಲೆ ಆರಿಸಿ, ಫೋನನ್ನು ಸ್ಪೀಕರಿಗೆ ಹಾಕಿ ಅತ್ತೆಯ ಮುಂದೆ ಹಿಡಿದೆ.

"ಮಾವಶಿ, ದ್ವಾರಕಾ ನಗರದ ಲ್ಯಾಬಿನ್ಯಾಗ ಬೆಳಸಾಕ ಇಟ್ಟಿದ್ರಲ್ಲ, ಹರಿಣಿಯ ಸೆಲ್ಲು? ಎಲ್ಲಾ ಸತ್ತಾವಂತ. ಯಾರೋ ಬೇಕಂತನ ಗ್ಯಾಸ್ ಬಂದ್ ಮಾಡ್ಯಾರ ಅಂತ ಡಾಕ್ಟರು ಹೇಳಿದ್ರು. ಆಕಿ ಮಾತಾಡವಲ್ಲಳು."

"ಯಾವ ಡಾಕ್ಟರು?"

"ರಾಮಮೋಹನ್ ಸರ್."

"ಅಂವಾ ಡಾಕ್ಟರ್ ಅಲ್ಲ, ಡಾಕ್ಟರೇಟು," ಎಂದರು ಅತ್ತೆ. "ಇರು, ಬರ್ತೀವಿ."

ನನ್ನ ಅತ್ತೆ ಮಂಗಳಾಗೌರಿ ಧಾರವಾಡದವರು. ವಿಶಾಖಪಟ್ಟಣದ ರಾಮ್‌ಪ್ರಸಾದರನ್ನು ಮದುವೆಯಾಗಿ ಬಂದು, ಪೊಲೀಸ್ ಇಲಾಖೆಯ ವಿಧಿವಿಜ್ಞಾನ ಪ್ರಯೋಗಾಲಯ ಸೇರಿ, ಕೊಲೆಗಾರರ ಅಂಗಿಗಳ ರಕ್ತದ ಕಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಮುದುಕಿಯಾದವರು. ಮನುಷ್ಯರ ಮೇಲೆ ಇದ್ದ ಅಲ್ಪಸ್ವಲ್ಪ ಗೌರವವನ್ನೂ ಅಲ್ಲೇ ಬಿಟ್ಟು ನಿವೃತ್ತರಾದರು. ಈಗ ಅದೇ ಊರಿನಂಚಿನ ಪೆಂಡುರ್ತಿಯ ಮನೆಯಲ್ಲಿ ನಮ್ಮ ಜೊತೆ ಇದ್ದಾರೆ. ನಾನು ವರ್ಷಾ, ತುಮಕೂರಿನವಳು; ಅವರ ಸೊಸೆ, ಅವರ ಕಾರಿನ ಡ್ರೈವರು, ಅವರ ತಿರಸ್ಕಾರಕ್ಕೆ ದಿನಾ ಬೆಳಿಗ್ಗೆ ಮೊದಲು ಸಿಗುವವಳು.

ಹರಿಣಿ ಅತ್ತೆಯ ತವರಿನ ಕಡೆಯ ಹುಡುಗಿ, ಅವರನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುವವಳು. ಗಂಡ ಪುಂಡಲೀಕ ನೌಕಾಪಡೆಯಲ್ಲಿದ್ದಾನೆ. ಮೂವತ್ತು ದಾಟುತ್ತಲೇ ಅವಳ ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಕಾಣಿಸಿತು. ಹಾರ್ಮೋನಿನ ಏರುಪೇರಿನಿಂದ ಬರುವ ಬಗೆಯದು. ಗರ್ಭಕೋಶ ತೆಗೆದುಬಿಡೋಣ ಎಂದರು ಆಸ್ಪತ್ರೆಯ ವೈದ್ಯೆ. ಇನ್ನೂ ಮಕ್ಕಳಾಗಿರಲಿಲ್ಲ. ಹೀಗಾಗಿ ಹಾರ್ಮೋನಿನ ಮಾತ್ರೆ ಕೊಟ್ಟು ನೋಡಿದರು. ಗಡ್ಡೆ ಆ ಹಾರ್ಮೋನಿಗೆ ಸೊಪ್ಪು ಹಾಕಲಿಲ್ಲ.

ಆಗ ಬಂದವರು ರಾಮಮೋಹನ್. ಹಾರ್ಮೋನಿಗೆ ಕಿವುಡಾದ ಕ್ಯಾನ್ಸರ್ ಕೋಶಗಳಿಗೆ ಮತ್ತೆ ಕಿವಿ ಬರಿಸುವ ಮದ್ದು ತಮ್ಮಲ್ಲಿದೆ ಎಂದರು. ಹರಿಣಿಯ ಒಪ್ಪಿಗೆ ಪಡೆದು, ಅವಳ ಗಡ್ಡೆಯ ಚೂರೊಂದನ್ನು ಒಯ್ದು ಲ್ಯಾಬಿನಲ್ಲಿ ಬೆಳೆಸಿದರು. ಕೋಶಗಳು ಮದ್ದಿಗೆ ಬಗ್ಗುತ್ತಿವೆ, ಮನುಷ್ಯರ ಮೇಲಿನ ಪರೀಕ್ಷೆ ಶುರುವಾದಾಗ ಮೊದಲ ಹೆಸರು ನಿಮ್ಮದೇ ಎಂದರು. ಆ ಮಾತನ್ನು ನಂಬಿ ಹರಿಣಿ ಎರಡು ಸಲ ಆಪರೇಷನ್ ಮುಂದೂಡಿದ್ದಳು.

ನೌಕಾಪಡೆಯ ಕ್ವಾರ್ಟರ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

"ಮಾವಶಿ, ಇನ್ನೊಂದ್ ಚೂರು ತೆಗಸಿ ಕೊಡ್ರಿ ಅಂತಾರ. ಮತ್ತ ಮೊದಲಿಂದ ಬೆಳಸ್ತಾರಂತ. ಅಲ್ಲೀತನಕ ಆಪರೇಷನ್ ಬ್ಯಾಡ ಅಂದ್ರು. ಕೊಡ್ಲೇನು?"

"ಕೊಡಬ್ಯಾಡ."

"ಮತ್ತ...?"

"ಮೊದಲು ಸತ್ತಾವರು ಯಾರು ಅಂತ ನೋಡ್ಕೊಂಡು ಬರ್ತೀನಿ."

ಹೇಳಿದ್ದು ವಿಚಿತ್ರವಾಗಿತ್ತು. ಅತ್ತೆಯ ಮಾತಿಗೆ ಅರ್ಥ ಕೇಳುವ ಧೈರ್ಯ ನನಗೆ ಬಂದಿಲ್ಲ, ಬರುವುದೂ ಇಲ್ಲ.

ಲ್ಯಾಬು ದ್ವಾರಕಾ ನಗರದಲ್ಲಿ, ಬ್ಯಾಂಕೊಂದರ ಮೇಲಿನ ಮಹಡಿಯಲ್ಲಿತ್ತು. ರಾಮಮೋಹನರ ಕೋಣೆಯ ಗೋಡೆ ತುಂಬ ಅವರದೇ ಫೋಟೋ. ಬಿಳಿ ಕೋಟಿನಲ್ಲಿ, ಶಾಲು ಹೊದ್ದು, ಮಂತ್ರಿಯ ಪಕ್ಕ, ಸೂಕ್ಷ್ಮದರ್ಶಕದ ಪಕ್ಕ. ಸೂಕ್ಷ್ಮದರ್ಶಕದ ಫೋಟೋದಲ್ಲಿ ಅವರು ನೋಡುತ್ತಿದ್ದದ್ದು ಕ್ಯಾಮೆರಾವನ್ನು. ಎದುರು ಗೋಡೆಯಲ್ಲಿ ಬಾಗಿಲಗಲದ ಚಿತ್ರ, ಗುಂಪುಗುಂಪಾದ ಕೋಶಗಳು. ಕೆಳಗೆ 'ಆರ್‌ಎಂ-ಒನ್' ಎಂದು ಬರೆದಿತ್ತು.

"ಆರ್‌ಎಂ ಅಂದ್ರ?" ಅತ್ತೆ ಕೇಳಿದರು.

"ರಾಮಮೋಹನ್. ಅವಳ ಕೋಶಗಳಿಗೆ ನಾವಿಟ್ಟ ಹೆಸರು, ಮೇಡಂ."

"ಗರ್ಭಕೋಶ ಆಕೀದು, ಹೆಸರು ನಿಮ್ಮದು. ಭಾಳ ಚಲೋ."

ಮಾತೆಲ್ಲ ತೆಲುಗಿನಲ್ಲೇ ನಡೆಯಿತು. ಆದರೆ ಅತ್ತೆಯ ತೆಲುಗೂ ಧಾರವಾಡದ್ದೇ ಆಗಿರುವುದರಿಂದ ಹೀಗೆಯೇ ಬರೆಯುತ್ತೇನೆ.

"ಮೊದಲು ನೋಡಿದವರು ಯಾರು?"

"ನಾನೇ. ನಾಳೆ ವಿಜಯವಾಡದಲ್ಲಿ ನಮ್ಮ ಸಮಾರಂಭ. ಕೊಂಡಪಲ್ಲಿಯಲ್ಲಿ ಔಷಧದ ಘಟಕ ಇಟ್ಟಿರುವ ಸೂರ್ಯಪ್ರಕಾಶ್ ಗಾರು ನಮ್ಮ ಮದ್ದನ್ನು ತಯಾರಿಸಲು ಒಪ್ಪಿದ್ದಾರೆ. ಹೊರಡುವ ಮುಂಚೆ ಒಂದು ಫೋಟೋ ಬೇಕಿತ್ತು. ಬೆಳಿಗ್ಗೆ ಬಂದು, ನನ್ನ ಹತ್ತಿರದ ಕೀಲಿಯಿಂದ ಕೋಶಗಳನ್ನಿಟ್ಟ ಇನ್‌ಕ್ಯುಬೇಟರ್ ತೆರೆದೆ. ಸೀಸೆಗಳೊಳಗಿನ ದ್ರವ ಪೂರ್ತಿ ನೇರಳೆ ಬಣ್ಣಕ್ಕೆ ತಿರುಗಿತ್ತು! ಅದರೊಳಗೆ ಬಿಡುವ ಇಂಗಾಲದ ಡೈಆಕ್ಸೈಡ್ ಗ್ಯಾಸ್ ನಿಂತರೆ ಹಾಗೇ ಆಗುತ್ತದೆ. ಕಾಲೇಜು ಹುಡುಗರಿಗೂ ಗೊತ್ತಿರುವ ವಿಷಯ."

"ಗ್ಯಾಸಿನ ಸಿಲಿಂಡರ್ ಎಲ್ಲಿರತೈತಿ?"

"ಹೊರಗಿನ ಓಣಿಯಲ್ಲಿ. ವಾಲ್ವ್ ಮುಚ್ಚಿತ್ತು. ನಿನ್ನೆ ಕೊನೆಗೆ ಹೋದವಳು ಲಕ್ಷ್ಮೀಪ್ರಸನ್ನ, ನಮ್ಮ ಸಂಶೋಧನಾ ವಿದ್ಯಾರ್ಥಿನಿ. ಹೋದ ವಾರವೇ ನಮ್ಮ ಸಾಯಿತೇಜನ ಜೊತೆ ಜಗಳ ಆಡಿದ್ದಳು."

"ಸಾಯಿತೇಜ ಯಾರು?"

ರಾಮಮೋಹನರ ಮುಖ ಅರಳಿತು. "ನನ್ನ ಬಲಗೈ! ಆರ್‌ಎಂ-ಒನ್ ಕೆಲಸ ಪೂರ್ತಿ ಅವನದೇ. ನಿನ್ನೆ ಮಧ್ಯಾಹ್ನದ ರೈಲಿಗೇ ವಿಜಯವಾಡಕ್ಕೆ ಹೋದ, ಸಭೆಯ ಏರ್ಪಾಡಿಗೆ. ಪಾಪ, ಫೋನಿನಲ್ಲಿ ವಿಷಯ ಕೇಳಿ ಅತ್ತುಬಿಟ್ಟ."

"ಸೀಸೆ ಎಲ್ಲಿ ಅದಾವ?"

"ಬ್ಲೀಚ್ ಸುರಿದು ಎಸೆದೆವು. ಸೋಂಕು ಹರಡಬಾರದು ಅಂತ ಸಾಯಿತೇಜ ಹೇಳಿದ."

"ಫ್ರೀಜ್ ಮಾಡಿಟ್ಟಿದ್ದು ಇರಬೇಕಲ್ಲ?"

"ಒಂದೂ ಉಳಿದಿಲ್ಲವಂತೆ. ಸಾಯಿತೇಜ ಹೇಳಿದ."

"ನಿಮ್ಮ ಕಣ್ಣು ನಿಮ್ಮವ ಅದಾವೋ, ಅವೂ ಸಾಯಿತೇಜನವೋ?"

ರಾಮಮೋಹನ್ ನಕ್ಕರು. ಅದನ್ನು ಮೆಚ್ಚುಗೆ ಎಂದೇ ತಿಳಿದಿರಬೇಕು. "ಸಮಯ ನೋಡಿ ಮೇಡಂ ಹೇಗಿದೆ! ಈ ಕೋಶಗಳನ್ನು ಹರಿಣಿಯ ರಕ್ತದ ಜೊತೆ ಹೋಲಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿ, ಆಮೇಲೆ ಸಹಿ ಅಂತ ಸೂರ್ಯಪ್ರಕಾಶ್ ಗಾರು ಹಟ ಹಿಡಿದಿದ್ದರು. ಇವತ್ತೇ ಮಾದರಿ ಕಳಿಸಬೇಕಿತ್ತು. ಎಂಥ ದುರದೃಷ್ಟ!"

"ನಿಮ್ಮ ದುರದೃಷ್ಟಕ್ಕ ಕ್ಯಾಲೆಂಡರ್ ನೋಡಾಕ ಬರತೈತಿ," ಎಂದು ಅತ್ತೆ ಎದ್ದರು.

ಬಾಗಿಲವರೆಗೆ ಬಂದು ರಾಮಮೋಹನ್ ತಮ್ಮ ಲ್ಯಾಬಿನ ಶಿಸ್ತಿನ ಮೇಲೆ ಪುಟ್ಟ ಭಾಷಣ ಮಾಡಿದರು. ಕೋಶಗಳಿಗೆ ಹಾಕುವ ದ್ರವಾಹಾರದಲ್ಲಿ ಹಾರ್ಮೋನಿನ ಸುಳಿವೂ ಇರದಂತೆ ನೋಡಿಕೊಳ್ಳುತ್ತಾರಂತೆ. ಇಲ್ಲವಾದರೆ ಯಾವುದು ಮದ್ದಿನ ಪರಿಣಾಮ, ಯಾವುದು ಆಹಾರದ್ದು ಎಂದು ಹೇಳಲಾಗುವುದಿಲ್ಲವಂತೆ. ಎಷ್ಟೋ ವೇದಿಕೆಗಳಲ್ಲಿ ಹೇಳಿ ಹೇಳಿ ನುಣುಪಾದ ವಾಕ್ಯಗಳು.

ಲಕ್ಷ್ಮೀಪ್ರಸನ್ನ ಒಳಗಿನ ಕೋಣೆಯಲ್ಲಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಅವಳ ತಾಯಿ ಬಳ್ಳಾರಿಯವರು. ಅತ್ತೆ ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ತನ್ನ ಹರಕು ಮುರುಕು ಕನ್ನಡಕ್ಕೆ ಇಳಿದಳು.

"ನಾನು ಮಾಡಿಲ್ಲ ಆಂಟೀ. ಒಟ್ಟು, ನನ್ನಾಣೆ! ಹರಿಣಿ ಅಕ್ಕನ ಸೆಲ್ಸ್ ನಾನು ಯಾಕೆ ಸಾಯಿಸ್ತೀನಿ?"

"ಜಗಳ ಯಾತಕ್ಕ ಆಗಿತ್ತು?"

"ಅದೇ ಪ್ರಯೋಗ ನಾನೂ ಒಂದು ಸಾರಿ ಮಾಡಿ ನೋಡ್ತೀನಿ, ಸ್ವಲ್ಪ ಸೆಲ್ಸ್ ಕೊಡಿ ಅಂತ ಕೇಳಿದೆ. ಸಾಯಿತೇಜ ಸರ್ ಕೊಡಲಿಲ್ಲ. ಆ ಇನ್‌ಕ್ಯುಬೇಟರ್ ಕೀಲಿ ಅವರ ಹತ್ರಾನೇ. ಇನ್ನೊಂದು ದೊಡ್ಡ ಸಾರ್ ಹತ್ರ. ಬೇರೆ ಯಾರೂ ಮುಟ್ಟೋ ಹಾಗಿಲ್ಲ."

"ಇವತ್ತು ಮುಂಜಾನೆ ಸೀಸೆ ನೀನೂ ನೋಡಿದಿ?"

"ದೊಡ್ಡ ಸಾರ್ ಕೂಗಿದರು, ಓಡಿಬಂದೆ. ನೇರಳೆ ಆಗಿತ್ತು ಆಂಟೀ, ದೂರದಿಂದಲೇ ಕಾಣ್ತಿತ್ತು. ಅಷ್ಟರಲ್ಲಿ ಫೋನ್ ಬಂತು. ಬ್ಲೀಚ್ ಹಾಕು ಅಂದರು. ಮೈಕ್ರೋಸ್ಕೋಪಲ್ಲಿ ನೋಡೋಕೂ ಬಿಡಲಿಲ್ಲ. ಫ್ರೆಶ್ ಆಹಾರ ಹಾಕಿದ್ದರೆ ಸ್ವಲ್ಪ ಆದರೂ ಬದುಕ್ತಿತ್ತೇನೋ."

ಅತ್ತೆ ಅಲ್ಲಿದ್ದ ಫ್ರಿಜ್ಜನ್ನು ತೆರೆದರು. ಮೇಲಿನ ಹಲಗೆಯಲ್ಲಿ ಗುಲಾಬಿ ಷರಬತ್ತಿನಂಥ ದ್ರವದ ಬಾಟಲಿಗಳು, ಕೆಲವು ಅರ್ಧ, ಕೆಲವು ತಳಮುಟ್ಟ. ಕೆಳಗಿನ ಹಲಗೆಯಲ್ಲಿ ನೀರಿನಷ್ಟು ತಿಳಿಯಾದ ಬಾಟಲಿಗಳು, ತುಂಬಿದ್ದು ತುಂಬಿದ ಹಾಗೆ, ಮೇಲೆ ಸಾಯಿತೇಜನ ಹೆಸರಿನ ಚೀಟಿ. ಅತ್ತೆ ಒಂದೊಂದನ್ನೂ ಎತ್ತಿ, ಮುಚ್ಚಳದ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬೆರಳಾಡಿಸಿ, ಲೇಬಲನ್ನು ಬೆಳಕಿಗೆ ಹಿಡಿದು ಓದಿ ಮತ್ತೆ ಇಟ್ಟರು.

"ನೀರನ್ನ ಯಾಕತ್ತೆ ಫ್ರಿಜ್ಜಲ್ಲಿ ಇಟ್ಟಿದಾರೆ?" ಎಂದೆ.

ಅತ್ತೆ ನನ್ನನ್ನು ನೋಡಿದರು. ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ ದಿನ ನೋಡಿದ ಹಾಗೆ.

"ಲಕ್ಷ್ಮೀ, ಬಟ್ಟಿ ತುಂಬ್ಕೋ. ನಮ್ಮ ಜೋಡಿ ವಿಜಯವಾಡಕ್ಕ ಬಾ."

"ನನ್ನನ್ನ ಕರೆದಿಲ್ಲ ಆಂಟೀ."

"ನನ್ನೇನು ಪತ್ರಿಕಿ ಕೊಟ್ಟು ಕರದಾರ?"

ರೈಲಿನಲ್ಲಿ, ಲಕ್ಷ್ಮೀಪ್ರಸನ್ನ ನಿದ್ದೆಹೋದ ಮೇಲೆ, ನಾನು ನನ್ನ ತೀರ್ಮಾನ ಒಪ್ಪಿಸಿದೆ. "ರಾಮಮೋಹನೇ ಅತ್ತೆ. ಕೀಲಿ ಅವನ ಹತ್ರ ಇದೆ. ಮೊದಲು ನೋಡಿದವನೂ ಅವನೇ. ಡಿಎನ್‌ಎ ಪರೀಕ್ಷೆ ಆಗೋದು ಅವನಿಗೆ ಬೇಕಿರಲಿಲ್ಲ."

"ಅಂವಾ ಅಷ್ಟು ಶಾಣ್ಯಾ ಇದ್ದಿದ್ರ ನನಗ ಖುಷಿ ಆಗ್ತಿತ್ತು."

"ಮತ್ತೆ ಸಾಯಿತೇಜನಾ? ಅವನು ಊರಲ್ಲೇ ಇರಲಿಲ್ವಲ್ಲ?"

"ವಾಲ್ವ್ ತಿರುವಿದ ಕೂಡ್ಲೆ ಗ್ಯಾಸು ಎದ್ದು ಓಡಿಹೋಗ್ತದೇನು? ಒಳಗಿಂದು ಸಾವಕಾಶ ಸೋರತೈತಿ. ಯಾರು ಕಡೀಕ ಹೋದ್ರು ಅನ್ನೂದು ಬ್ಯಾಂಕಿನ ಕಾವಲುಗಾರಗ ಬೇಕಾದ ಮಾತು. ನನಗ ಬೇಕಾದದ್ದು ಬಣ್ಣ." ಅಷ್ಟು ಹೇಳಿ ಸೆರಗು ಹೊದ್ದು ಕಣ್ಣು ಮುಚ್ಚಿದರು.

ಬಣ್ಣ? ಬಣ್ಣದ ಬಗ್ಗೆ ಯಾರಲ್ಲೂ ತಕರಾರೇ ಇರಲಿಲ್ಲ. ಇಬ್ಬರೂ ನೇರಳೆ ಎಂದಿದ್ದರು.

ಮರುದಿನ ವಿಜಯವಾಡದಲ್ಲಿ ಬೆಳಗ್ಗೆಯೇ ಬಿಸಿಲು ಸುಡುತ್ತಿತ್ತು. ಬಂದರು ರಸ್ತೆಯ ಹೋಟೆಲಿನ ಸಭಾಂಗಣದ ಬಾಗಿಲಲ್ಲಿ ರಾಮಮೋಹನರ ಆಳೆತ್ತರದ ಚಿತ್ರ. 'ಮಹಿಳೆಯರ ಕಣ್ಣೀರು ಒರೆಸಿದ ವಿಜ್ಞಾನಿ' ಎಂಬ ತೆಲುಗು ಸಾಲು. ಒಳಗೆ ಚಿತ್ರದ ಧಣಿ ಹೂವಿನ ಹಾರಗಳ ಬಣ್ಣ ಆರಿಸುತ್ತಿದ್ದರು. ಕೋಶಗಳು ಸತ್ತಿದ್ದರೂ ಸಮಾರಂಭ ನಿಂತಿರಲಿಲ್ಲ. 'ದುಷ್ಕರ್ಮಿಗಳ ನಡುವೆಯೂ ಮುನ್ನಡೆ' ಎಂದು ಭಾಷಣವನ್ನು ತಿದ್ದಿಕೊಂಡಿದ್ದರಂತೆ.

ಸಭಾಂಗಣದ ಪಕ್ಕದ ಸಣ್ಣ ಕೋಣೆಗೆ ಅತ್ತೆ ಎಲ್ಲರನ್ನೂ ಕರೆಸಿದರು. ಹೇಗೆ ಕರೆಸಿದರೋ, ಪೊಲೀಸ್ ಇಲಾಖೆಯ ಹಳೆಯ ದನಿ ಇನ್ನೂ ಕೆಲಸ ಮಾಡುತ್ತದೆ. ಸೂರ್ಯಪ್ರಕಾಶ್ ಗಡಿಯಾರ ನೋಡುತ್ತ ಬಂದರು. ಮಾತು ಕಡಿಮೆಯ, ದಪ್ಪ ಹುಬ್ಬಿನ ಮನುಷ್ಯ. ಸಾಯಿತೇಜ ಹೊಸ ಸೂಟಿನಲ್ಲಿದ್ದ. ಲಕ್ಷ್ಮೀಪ್ರಸನ್ನಳನ್ನು ಕಂಡು ಅವನ ನಗು ಅರೆಕ್ಷಣ ತಡವರಿಸಿತು.

"ಕೂತ್ಕೋ," ಎಂದರು ಅತ್ತೆ. "ಸೀಸೆಯೊಳಗಿನ ಆಹಾರ ಕಡೀಕ ಬದಲಿಸಿದ್ದು ಯಾರು?"

"ನಾನೇ ಮೇಡಂ. ಹೊರಡುವ ದಿನ ಬೆಳಿಗ್ಗೆ. ಬೇರೆ ಯಾರಿಗೂ ಬಿಡುವುದಿಲ್ಲ."

"ಅದು ಯಾವ ಬಣ್ಣದ್ದು?"

ಸಾಯಿತೇಜ ಮುಗುಳ್ನಕ್ಕ. ತಿಳಿಯದವರಿಗೆ ತಿಳಿಸುವ ನಗು. "ಬಣ್ಣವೇ ಇರುವುದಿಲ್ಲ ಮೇಡಂ. ಸಾಮಾನ್ಯ ಆಹಾರ ಗುಲಾಬಿ ಬಣ್ಣದ್ದು, ಅದರಲ್ಲೊಂದು ಬಣ್ಣದ ಪುಡಿ ಇರುತ್ತದೆ. ಗ್ಯಾಸ್ ಕಡಿಮೆಯಾದರೆ ಅದು ನೇರಳೆಗೆ ತಿರುಗಿ ಎಚ್ಚರಿಸುತ್ತದೆ. ಆದರೆ ಆ ಪುಡಿಯೇ ಸ್ತ್ರೀ ಹಾರ್ಮೋನಿನ ಹಾಗೆ ಸ್ವಲ್ಪ ಕೆಲಸ ಮಾಡುತ್ತದೆ. ಆದ್ದರಿಂದ ಹಾರ್ಮೋನಿನ ಪ್ರಯೋಗಕ್ಕೆ ಅದು ನಿಷಿದ್ಧ. ನೀರಿನಂಥ, ಬಣ್ಣವಿಲ್ಲದ ಆಹಾರವನ್ನೇ ಬಳಸಬೇಕು."

"ನೀ ಬಳಸಿದ್ದು?"

"ಖಂಡಿತ ಬಣ್ಣವಿಲ್ಲದ್ದೇ."

"ಚಲೋ ಓದೀದಿ." ಅತ್ತೆ ರಾಮಮೋಹನರ ಕಡೆ ತಿರುಗಿದರು. "ಇನ್‌ಕ್ಯುಬೇಟರ್ ತೆಗದಾಗ ನಿಮಗ ಕಂಡ ಬಣ್ಣ?"

"ನೇರಳೆ! ಎಷ್ಟು ಸಲ ಹೇಳಲಿ?" ಎಂದರು ರಾಮಮೋಹನ್, ಕೈಯಲ್ಲಿನ ಭಾಷಣದ ಹಾಳೆಯನ್ನು ಮಡಚುತ್ತ.

ಲಕ್ಷ್ಮೀಪ್ರಸನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸೂರ್ಯಪ್ರಕಾಶರ ಹುಬ್ಬುಗಳು ಮೇಲೇರಿದವು. ಸಾಯಿತೇಜನ ಮುಖದಿಂದ ರಕ್ತ ಇಳಿಯಿತು. ಏನೂ ಆಗದವರಂತೆ ಇದ್ದವರು ರಾಮಮೋಹನ್ ಒಬ್ಬರೇ. ಹಾರ್ಮೋನುಗಳ ಮೇಲೆ ದೇಶದೇಶಗಳಲ್ಲಿ ಭಾಷಣ ಮಾಡಿದ ಆ ಮಹಾನುಭಾವರಿಗೆ ಇನ್ನೂ ಹೊಳೆದಿರಲಿಲ್ಲ.

"ಬಣ್ಣವೇ ಇಲ್ಲದ್ದು ನೇರಳೆ ಆಗುವುದು ಹೇಗೆ?" ಸೂರ್ಯಪ್ರಕಾಶ್ ಮೆಲ್ಲಗೆ ಕೇಳಿದರು.

"ಆಗೂದಿಲ್ಲ," ಎಂದರು ಅತ್ತೆ. "ವಾರಗಟ್ಲೆ ಗ್ಯಾಸ್ ಬಂದ್ ಮಾಡಿದ್ರೂ ನೀರು ನೀರಾಗೇ ಇರತೈತಿ. ಆ ಸೀಸೆಯೊಳಗ ಇದ್ದದ್ದು ಗುಲಾಬಿ ಆಹಾರ."

"ಲಕ್ಷ್ಮಿ ಬದಲಾಯಿಸಿರಬೇಕು!" ಸಾಯಿತೇಜ ಎದ್ದುನಿಂತ. "ಪ್ರಯೋಗ ಕೆಡಿಸಲು—"

"ಕೀಲಿ?"

ಸಾಯಿತೇಜನ ಕೈ ಸೂಟಿನ ಜೇಬಿಗೆ ಹೋಯಿತು.

"ಸಿಲಿಂಡರಿನ ವಾಲ್ವು ಓಣಿಯೊಳಗ ಹಾದುಹೋಗೋ ಯಾರು ಬೇಕಾದ್ರೂ ತಿರುವಬಹುದು. ಸೀಸೆ ಮುಟ್ಟಾಕ ಕೀಲಿ ಬೇಕು. ಒಂದು ನಿನ್ನ ಕಡೆ. ಇನ್ನೊಂದು ಈ ಧಣೀ ಕಡೆ. ಈ ಧಣಿ ಏನರೆ ಬದಲಿ ಮಾಡಿದ್ರ, ನೇರಳೆ ನೇರಳೆ ಅಂತ ಊರಿಗೆಲ್ಲಾ ಡಂಗುರ ಹೊಡೀತಿದ್ದಿಲ್ಲ. ಪಾಪ, ಕಂಡದ್ದನ್ನ ಕಂಡಂಗ ಹೇಳಿದ್ರು. ಅದರ ಅರ್ಥ ಅವರಿಗೆ ಗೊತ್ತಿದ್ದಿಲ್ಲ, ಅಷ್ಟ."

"ನಾನು ಬಣ್ಣವಿಲ್ಲದ್ದನ್ನೇ ಹಾಕಿದ್ದು!"

"ಯಾವ ಬಾಟಲಿಯಿಂದ? ಫ್ರಿಜ್ಜಿನಾಗ ನಿನ್ನ ಹೆಸರಿನವು ಸಾಲಾಗಿ ನಿಂತಾವು. ಒಂದರ ಮುಚ್ಚಳದ ಪಟ್ಟೀನೂ ಹರದಿಲ್ಲ. ಬಳಸೋ ಅವಧಿ ಸೈತ ಮುಗದು ಹೋಗೇತಿ. ಗುಲಾಬಿ ಬಾಟಲಿ ಮಾತ್ರ ತಳಾ ಕಾಣಾಕತ್ತಾವು. ಸಾಯಿತೇಜ, ಹರಿಣಿಯ ಕೋಶ ಸತ್ತದ್ದು ಯಾವಾಗ?"

ಅವನು ಬಾಗಿಲ ಕಡೆ ನೋಡಿದ.

"ನಿನ್ನೆ ಅಲ್ಲ. ಹೌದಲ್ಲೋ?"

ಸಾಯಿತೇಜ ಕುರ್ಚಿಗೆ ಕುಸಿದ. ಆಮೇಲೆ ಬಂದ ಮಾತುಗಳು ತುಂಡುತುಂಡಾಗಿದ್ದವು. ಚೂರು ತಂದ ಹೊಸತರಲ್ಲೇ ಅವನು ಅಣ್ಣನ ಮದುವೆಗೆಂದು ರಜೆ ಹಾಕಿದ್ದ. ಯಾರಿಗೂ ಒಪ್ಪಿಸಿ ಹೋಗಿರಲಿಲ್ಲ. ಮರಳಿದಾಗ ಸೀಸೆಗಳಲ್ಲೆಲ್ಲ ಬೂಷ್ಟು. ಹರಿಣಿಯ ಒಂದು ಕೋಶವೂ ಉಳಿದಿರಲಿಲ್ಲ.

"ಹೇಳೋಣ ಅಂದುಕೊಂಡೆ ಮೇಡಂ. ಅಷ್ಟರಲ್ಲಿ ಸಾರ್ ಹೆಸರಿಟ್ಟು, ಪತ್ರಿಕೆಯವರನ್ನು ಕರೆದುಬಿಟ್ಟಿದ್ದರು. ವಿದ್ಯಾರ್ಥಿಗಳ ಅಭ್ಯಾಸಕ್ಕೆ ಅಂತ ಕೊಂಡಿಟ್ಟ ಕ್ಯಾನ್ಸರ್ ಕೋಶಗಳು ಇದ್ದವು. ಎಲ್ಲ ಲ್ಯಾಬಿನಲ್ಲೂ ಸಿಗುವಂಥವು, ಹಾರ್ಮೋನಿಗೆ ಸುಲಭವಾಗಿ ಬಗ್ಗುವಂಥವು. ಸದ್ಯಕ್ಕೆ ಇರಲಿ ಅಂತ ಅವನ್ನೇ ಇಟ್ಟೆ. ಫಲಿತಾಂಶ ಚೆನ್ನಾಗಿ ಬಂತು. ಸಾರ್ ಬೆನ್ನು ತಟ್ಟಿದರು. ಆಮೇಲೆ... ನಿಲ್ಲಿಸುವುದಕ್ಕೆ ಆಗಲಿಲ್ಲ."

"ಡಿಎನ್‌ಎ ಪರೀಕ್ಷೆ ಮಾಡಿದ್ರ ಬ್ಯಾರೆ ಯಾರದೋ ಕೋಶ ಅಂತ ಗೊತ್ತಾಗತಿತ್ತು. ಅದಕ್ಕ ರೈಲಿಗೆ ಹೋಗೂ ಮುಂದ ವಾಲ್ವ್ ತಿರುವಿದಿ. ಮರುದಿನ ಮುಂಜಾನೆ ಫೋನಿನ್ಯಾಗ ಬ್ಲೀಚ್ ಹಾಕಿಸಿದಿ. ಕೊಲೀ ಈ ಹುಡುಗಿ ತಲೀಗೆ ಕಟ್ಟಿದಿ."

ಅವನು ತಲೆಯಾಡಿಸಿದ.

"ಬಣ್ಣ ಇಲ್ಲದ ಬಾಟಲಿ ಎದುರಿಗೇ ಇತ್ತು. ಒಂದನ್ನೂ ಒಡೀಲಿಲ್ಲಲ್ಲೋ. ಯಾಕ?"

"ಅದರಲ್ಲಿ ನಿಧಾನ ಬೆಳೆಯುತ್ತವೆ ಮೇಡಂ. ಗುಲಾಬಿಯದರಲ್ಲಿ ಕಷ್ಟವಿಲ್ಲ. ಯಾರೂ ನೋಡುತ್ತಿರಲಿಲ್ಲ."

ಅತ್ತೆಯ ತಿರಸ್ಕಾರವನ್ನು ನಾನು ದಿನಾ ಉಣ್ಣುವವಳು. ಆದರೂ ಆ ಕ್ಷಣ ಅವರ ಮುಖದಲ್ಲಿ ಕಂಡದ್ದು ಹೊಸದು. "ಕೊಲೆಗಾರರನ್ನ ಭಾಳ ಮಂದಿ ನೋಡೀನಿ. ತಮ್ಮ ಸುಳ್ಳಿಗೆ ಮೈಮುರದು ದುಡದಾವರು ಅವರು. ನಿನಗ ಸುಳ್ಳು ಹೇಳಾಕೂ ಆಲಸ್ಯ."

ಈಗ ರಾಮಮೋಹನರಿಗೆ ಅರ್ಥವಾಗಿತ್ತು. ಮೊದಲು ಮಾಡಿದ ಕೆಲಸವೆಂದರೆ ಬಾಗಿಲು ಮುಚ್ಚಿದ್ದು. "ನೋಡಿ, ಇಲ್ಲಿ ಮೋಸ ಹೋದವನು ನಾನು. ಇವನನ್ನು ಇವತ್ತೇ ತೆಗೆದುಹಾಕುತ್ತೇನೆ. ಸಮಾರಂಭ ಮುಗಿಯಲಿ. ಸದ್ಯಕ್ಕೆ ಈ ವಿಷಯ ನಮ್ಮೊಳಗೇ ಇದ್ದರೆ—"

"ಕೊಂದಂವಾ ಇಂವಾ," ಎಂದರು ಅತ್ತೆ. ರಾಮಮೋಹನರಿಗೆ ಅಲ್ಲಿಯವರೆಗೆ ಇದ್ದ ಬಹುವಚನ ಅಲ್ಲಿಗೆ ಮುಗಿಯಿತು. "ಎದುರಿಗಿದ್ದ ಹೆಣ ಯಾರದು ಅಂತ ಗುರುತು ಸಿಗಲಾರದಂವಾ ನೀ. ಒಂದ ಒಂದು ದಿನ ಆ ಸೀಸೆ ಕೈಯಾಗ ಹಿಡದು ನೋಡಿದ್ರ ಗೊತ್ತಾಗತಿತ್ತು, ಗುಲಾಬಿ ಐತಿ ಅಂತ. ನೋಡಲಿಲ್ಲ. ನಿನ್ನ ಮಾತು ನಂಬಿ ಒಬ್ಬಾಕಿ ಹೊಟ್ಟ್ಯಾಗ ಕ್ಯಾನ್ಸರ್ ಇಟ್ಕೊಂಡು ಕುಂತಾಳ. ಆಕಿ ಹೆಸರರೆ ನೆನಪೈತೇನು ನಿನಗ?"

ರಾಮಮೋಹನ್ ಬಾಯಿ ತೆರೆದರು. ಹೆಸರು ನಾಲಿಗೆಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಸೂರ್ಯಪ್ರಕಾಶ್ ಆ ಮುಚ್ಚಿದ್ದ ಬಾಗಿಲನ್ನು ತೆರೆದು, ಸಭಾಂಗಣಕ್ಕೆ ಹೋಗಿ, ಕುರ್ಚಿಗಳನ್ನು ತೆಗೆಯುವಂತೆ ಹೋಟೆಲಿನವರಿಗೆ ಹೇಳುತ್ತಿದ್ದರು.

ಹರಿಣಿಗೆ ಹೇಳಿದ್ದು ಅತ್ತೆಯೇ. ಯಾವ ಮೃದುತ್ವವೂ ಇಲ್ಲದೆ, ಒಂದನ್ನೂ ಬಿಡದೆ ಹೇಳಿದರು. ಪುಂಡಲೀಕ ಎದ್ದು ಹೊರಗೆ ಹೋಗಿ ಗೋಡೆಗೆ ಗುದ್ದಿ ಬಂದ. ಹರಿಣಿ ಅಳಲಿಲ್ಲ.

"ಹಂಗಾದ್ರ ನನ್ನ ಸೆಲ್ಲಿನ ಮ್ಯಾಲೆ ಆ ಮದ್ದು ಹಾಕೇ ಇಲ್ಲ?"

"ಇಲ್ಲ."

"ಅದು ಬ್ಯಾರೆ ಯಾರದೋ..."

"ಯಾವ ಹೆಣ್ಣಮಗಳೋ. ಆಕೀನೂ ಸತ್ತು ಎಷ್ಟ್ ವರ್ಷ ಆಗೇತೋ."

ಹರಿಣಿ ಗಂಡನ ಕಡೆ ತಿರುಗಿ ಹೇಳಿದಳು, "ಡಾಕ್ಟರಮ್ಮಗ ಫೋನ್ ಹಚ್ಚರಿ. ಆಪರೇಷನ್ ಮಾಡಿಸ್ಕೋತೀನಿ."

ಆಪರೇಷನ್ನಿನ ಹಿಂದಿನ ದಿನ ರಾಮಮೋಹನ್ ಆಸ್ಪತ್ರೆಗೆ ಬಂದರು. ಸಾಯಿತೇಜನ ಮೇಲೆ ದೂರು ದಾಖಲಾಗಿತ್ತು. ಅವನ ವಿಚಾರಣೆಗೆ ಸಂಸ್ಥೆ ನೇಮಿಸಿದ ಸಮಿತಿಗೆ ರಾಮಮೋಹನರೇ ಅಧ್ಯಕ್ಷರು. ಸೇಬಿನ ಚೀಲವನ್ನು ಮಂಚದ ಮೇಲಿಟ್ಟು, ದನಿ ತಗ್ಗಿಸಿ, ತೆಗೆದ ಗಡ್ಡೆಯಿಂದ ಸ್ವಲ್ಪ ಭಾಗ ತಮಗೆ ಸಿಕ್ಕರೆ ವಿಜ್ಞಾನಕ್ಕೆ ದೊಡ್ಡ ಉಪಕಾರ ಎಂದರು. ನಾಚಿಕೆ ಎಂಬುದು ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಇರುವುದಿಲ್ಲವೇನೋ.

"ವಿಜ್ಞಾನಕ್ಕ ಕೊಡ್ತೀನ್ರಿ," ಎಂದಳು ಹರಿಣಿ. "ನಿಮಗಲ್ಲ."

ಕೊಟ್ಟದ್ದು ಲಕ್ಷ್ಮೀಪ್ರಸನ್ನಳಿಗೆ. ಅವಳು ಅಷ್ಟರಲ್ಲಿ ವಿಜಯವಾಡದ ಬೇರೊಂದು ಪ್ರಯೋಗಾಲಯ ಸೇರಿದ್ದಳು.

ಗಡ್ಡೆ ಗರ್ಭಕೋಶದ ಗೋಡೆಯೊಳಕ್ಕೆ ಇಳಿದಿತ್ತು. ಮೊದಲೇ ತೆಗೆಸಿದ್ದರೆ ಇಷ್ಟು ಇಳಿಯುತ್ತಿರಲಿಲ್ಲವೇನೋ ಎಂದರು ವೈದ್ಯೆ. ಹೊರಗೆ ಹರಡಿರಲಿಲ್ಲ. ಹರಿಣಿಗೆ ಆಮೇಲೆ ವಿಕಿರಣ ಚಿಕಿತ್ಸೆಯೂ ಬೇಕಾಯಿತು. ಸೊರಗಿದಳು, ಬದುಕಿದಳು.

ಚಿಕಿತ್ಸೆ ಮುಗಿದ ಮೇಲೊಂದು ಭಾನುವಾರ ನಾವು ಅವರ ಮನೆಯಲ್ಲಿದ್ದಾಗ ಲಕ್ಷ್ಮೀಪ್ರಸನ್ನ ಬಂದಳು. ಕೈಯಲ್ಲೊಂದು ಚೀಲ ಹಿಡಿದು ಬಾಗಿಲಲ್ಲೇ ನಿಂತು, ಒಳಗೆ ಬರಲು ಹಿಂಜರಿದಳು.

"ಅಕ್ಕಾ, ನಿಮ್ಮ ಸೆಲ್ಸ್ ಚೆನ್ನಾಗಿ ಬೆಳೆದವು. ರಕ್ತದ ಜೊತೆ ಹೋಲಿಸಿದೆವು, ನಿಮ್ಮವೇ. ಆ ಮದ್ದು ಹಾಕಿ ನೋಡಿದೆ. ಮೂರು ಸಾರಿ ನೋಡಿದೆ." ಅವಳ ದನಿ ಸಣ್ಣದಾಯಿತು. "ಏನೂ ಆಗಲಿಲ್ಲ ಅಕ್ಕಾ. ಆ ಮದ್ದು ನಿಮಗೆ ಕೆಲಸ ಮಾಡ್ತಾನೇ ಇರಲಿಲ್ಲ. ಹೇಳಬಾರದು ಅಂದುಕೊಂಡೆ."

ಪುಂಡಲೀಕ ನೆಲ ನೋಡುತ್ತ ಕುಳಿತ. ನಾನು ಅತ್ತೆಯ ಕಡೆ ನೋಡಿದೆ. ಅವರು ಹರಿಣಿಯನ್ನು ನೋಡುತ್ತಿದ್ದರು.

ಹರಿಣಿ ಗೋಡೆ ಹಿಡಿದು ಎದ್ದು, ಲಕ್ಷ್ಮೀಪ್ರಸನ್ನಳ ಕೈಯಿಂದ ಚೀಲ ತೆಗೆದುಕೊಂಡಳು.

"ಖರೇ ಹೇಳಿದೆಲ್ಲ, ಒಳಗ ಬಾ," ಎಂದಳು. "ರೊಟ್ಟಿ ಮಾಡೀನಿ, ಉಂಡು ಹೋಗು."